ತವರಿನ ಕಂಪ್ಯೂಟರ್

ನನಗೂ ನನ್ನ ಗಂಡನಿಗೂ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದೂ ನಮ್ಮ ಮದುವೆಯ ಮಾತು ಶುರುವಾದದ್ದು ಫೋಟೋ ಕೊಟ್ಟು ತೆಗೆದುಕೊಳ್ಳುವುದರಿಂದ. ನಮ್ಮೂರು ಸಾಲಿಗ್ರಾಮದ ಹತ್ತಿರ, ಅವರದು ಪಿರಿಯಾಪಟ್ಟಣದ ಕಡೆ. ನಡುವೆ ನಿಂತು ಸಂಬಂಧ ಕುದುರಿಸಿದವರು ಆ ಕಡೆಯ ಕೊಪ್ಪದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಸೋದರಮಾವ. ಪದ್ಧತಿ ಬಿಡಬಾರದೆಂದು ಅವರು ನನಗೆ ರೇಷ್ಮೆ ಸೀರೆ ಉಡಿಸಿ, ಕೆ.ಆರ್. ನಗರದ ಸ್ಟುಡಿಯೋದಲ್ಲಿ ನಿಲ್ಲಿಸಿ, 'ಒಸಿ ಈ ಕಡೆ ನೋಡವ್ವ' ಎಂದು ಹೇಳಿ ಫೋಟೋ ತೆಗೆಸಿದರು. ಅದನ್ನು ಹುಡುಗನ ಕೈಗೇ ಕೊಟ್ಟು ಬಂದರಂತೆ. ನನ್ನ ಕೈಗೂ ಹುಡುಗನದೊಂದು ಬಂತು. ನಾನು ಹಿಂದೆ ಮುಂದೆ ಸವರಿ 'ಚೆನ್ನಾಗಿದೆ' ಎಂದೆ. ಪೇಪರು ದಪ್ಪಗಿತ್ತು, ಸುಳ್ಳೇನೂ ಹೇಳಲಿಲ್ಲ.

ಆಮೇಲೆ ಹೆಣ್ಣು ನೋಡುವುದಕ್ಕೆ ಬಂದರು. ಉಪ್ಪಿಟ್ಟು, ಕಾಫಿ ಮುಗಿದ ಮೇಲೆ ಹುಡುಗನ ತಾಯಿ ನನಗೆ ಹಾಡು ಬರುತ್ತದಾ ಎಂದು ಕೇಳಿದರು. ಕಣ್ಣು ಕಾಣದವರಿಗೆಲ್ಲ ಹಾಡು ಬಂದೇ ಬರುತ್ತದೆ ಎನ್ನುವುದು ನಮ್ಮ ಸೀಮೆಯಲ್ಲಿ ಕಣ್ಣಿರುವವರ ನಂಬಿಕೆ. ನನ್ನ ಗಂಟಲು ಎಂಥದ್ದೆಂದು ತಿಳಿದಿದ್ದ ಅಪ್ಪ ತಡಮಾಡದೆ, 'ಆಡು ಬುಡಿ, ನಮ್ಮುಡ್ಗಿ ಕಂಪ್ಯೂಟರ್ ಮಾತಾಡುಸ್ತಳೆ' ಎಂದರು. ನಾನು ಹುಣಸೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡ ಲ್ಯಾಪ್‌ಟಾಪಿನಲ್ಲೇ ನನ್ನ ಪಾಠ, ಪ್ರಶ್ನೆಪತ್ರಿಕೆ, ಪೇಪರು ಓದುವುದು, ಗೆಳತಿಯರ ಹತ್ತಿರ ಜಗಳವಾಡುವುದು ಎಲ್ಲ. ಅದನ್ನು ಜಗಲಿಗೆ ತಂದು ನಾನು ದಿನವೂ ಕೇಳುವ ವೇಗದಲ್ಲೇ ಓದಿಸಿದೆ. ಬಂದವರು ಗಾಬರಿಯಾದರು. ಅವರಲ್ಲೊಬ್ಬರು, 'ಜ್ವರ ಬಂದೋರು ಬಡಬಡಿಸ್ದಂಗದಲ್ಲ' ಎಂದರು.

ಮೂಲೆಯಿಂದ ಒಂದು ಗಂಡಸಿನ ದನಿ, 'ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ. ಮೂರನೇದು ಕಾವೇರಿ ಅಣೆಕಟ್ಟಿನ ಪ್ರಶ್ನೆ' ಎಂದಿತು. ಆ ವೇಗವನ್ನು ಹಿಡಿದವರು ನಮ್ಮ ಮನೆಯೊಳಗೆ ಅದುವರೆಗೆ ಯಾರೂ ಬಂದಿರಲಿಲ್ಲ. ನನಗೆ ಅಲ್ಲೇ ಖುಷಿಯಾಯಿತು. ಆ ಖುಷಿ ಆರುವ ಮೊದಲೇ ಅದೇ ದನಿ, 'ವಿಂಡೋಸಾ?' ಎಂದು ಕೇಳಿತು. 'ಸಕ್ಕರೆ ಕಾಯಿಲೆನಾ?' ಎಂದು ಕೇಳುತ್ತಾರಲ್ಲ, ಅದೇ ರಾಗ.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ದೊಡ್ಡವರು ನಮ್ಮನ್ನು ಹಿತ್ತಿಲ ಕಡೆ ಕೂರಿಸಿ ಹೋದರು. ಮಾತಾಡಿಕೊಂಡೆವು. ಅವರು ಎಚ್.ಡಿ. ಕೋಟೆಯ ಒಂದು ಕಚೇರಿಯಲ್ಲಿ ಗುಮಾಸ್ತರು, ಮನೆಯಲ್ಲಿ ಬಳಸುವುದು ವಿಂಡೋಸಿಗೆ ಬದಲಾಗಿ ಪುಕ್ಕಟೆ ಸಿಗುವ ಲಿನಕ್ಸ್. ಕಣ್ಣಿರುವವರ ಹಂಗಿಲ್ಲದೆ ಇಡೀ ಕಂಪ್ಯೂಟರನ್ನು ಖಾಲಿ ಮಾಡಿ, ಮೊದಲಿನಿಂದ ತಾವೇ ಎಲ್ಲವನ್ನೂ ತುಂಬಿದ್ದರಂತೆ. ತುಂಬುವಾಗಲೂ ಅದು ಮಾತಾಡುತ್ತಲೇ ಇತ್ತಂತೆ. 'ನಿಮ್ಮದರಲ್ಲಿ ಅಪ್‌ಡೇಟ್ ಬಂದರೆ ಕಂಪ್ಯೂಟರು ಯಾರದು, ನಿಮ್ಮದಾ ಅದರದಾ?' ಎಂದು ಕೇಳಿದರು. ನಾನೂ ಬಿಡಲಿಲ್ಲ. ನನ್ನ ಸ್ಕ್ರೀನ್ ರೀಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಹುಣಸೂರಿನ ಯಾವ ಅಂಗಡಿಯ ಕಂಪ್ಯೂಟರಿಗೆ ಚುಚ್ಚಿದರೂ ಅಲ್ಲಿ ನಾನು ಅಕ್ಷರಸ್ಥೆ, ನಿಮ್ಮ ಲಿನಕ್ಸ್ ಹಿಡಿದುಕೊಂಡು ಎಷ್ಟು ಅಂಗಡಿ ಹತ್ತುತ್ತೀರಿ ಎಂದೆ. ಲಿನಕ್ಸಿನಲ್ಲಿ ಒಮ್ಮೊಮ್ಮೆ ಸೌಂಡೇ ಹೋಗಿಬಿಡುತ್ತದೆ ಎಂದು ಕೇಳಿದ್ದೆ. ಸೌಂಡ್ ಹೋಗಿದೆ ಎಂದು ಕುರುಡರಿಗೆ ಹೇಳುವುದಕ್ಕೂ ಸೌಂಡ್ ಬೇಕಲ್ಲ, ಆಗ ಏನು ಮಾಡುತ್ತೀರಿ ಎಂದೂ ಕೇಳಿದೆ. ಅವರು, ಅದು ಹಳೇ ಕಾಲದ ಮಾತು, ನನ್ನದರಲ್ಲಿ ಒಂದೇ ಒಂದು ಕುಂದು ತೋರಿಸಿ ನೋಡೋಣ ಎಂದರು.

ಊರು, ಉಪ್ಪು, ಖಾರ ಯಾವುದನ್ನೂ ಕೇಳಿಕೊಳ್ಳಲಿಲ್ಲ. ನಮ್ಮ ಏರುದನಿ ಕೇಳಿದ ಅಮ್ಮ ಸಂಬಂಧ ಮುರಿಯಿತೆಂದು ಒಳಗೆ ಅಳುತ್ತಿದ್ದಳಂತೆ. ನನಗಾದರೋ ಅಷ್ಟು ಸೊಗಸಾಗಿ ಜಗಳವಾಡುವ ಇನ್ನೊಬ್ಬರು ಈ ನಾಲ್ಕು ತಾಲ್ಲೂಕಿನಲ್ಲಿ ಸಿಗಲಾರರು ಎನಿಸಿತ್ತು.

ಗಂಡಿನ ಮನೆ ನೋಡುವುದಕ್ಕೆ ನಾವು ಹೋದದ್ದು ಅದಾದ ಮೇಲೆ. ಹೊಗೆಸೊಪ್ಪು ಬೇಯಿಸುವ ಕಾಲ, ಅಂಗಳಕ್ಕೆ ಕಾಲಿಡುವಾಗಲೇ ಸೊಪ್ಪು ಬೇಯಿಸುವ ಮನೆಯ, ಅಂದರೆ ಬ್ಯಾರನ್ನಿನ, ಬಿಸಿ ವಾಸನೆ ಮೂಗಿಗೆ ಬಡಿಯಿತು. ಸೋದರಮಾವ ಕೊಪ್ಪದಿಂದ ವಿಂಡೋಸೂ ಅಲ್ಲದ ಲಿನಕ್ಸೂ ಅಲ್ಲದ ಒಂದು ಹಳೆಯ ಮ್ಯಾಕ್ ಲ್ಯಾಪ್‌ಟಾಪ್ ತಂದಿದ್ದರು. ನಮ್ಮಿಬ್ಬರ ಜಗಳದ ಸುದ್ದಿ ಅವರಿಗೆ ಮುಟ್ಟಿತ್ತು. ಹೊಲದ ಗಡಿಯ ತಕರಾರು ಬಿಡಿಸಿ ಹೆಸರಾದವರು ಅವರು. 'ನಿಂದೂ ಬ್ಯಾಡ, ನಿಂದೂ ಬ್ಯಾಡ. ಇದನ್ನ ಮದ್ವೆ ಉಡುಗೊರೆ ಅಂತ ಮಡಿಕಳಿ' ಎಂದರು.

ಅದು ಕನ್ನಡವನ್ನು ಮನುಷ್ಯರು ಓದಿದ ಹಾಗೇ ಓದುತ್ತಿತ್ತು. ದೊಡ್ಡವರೆಲ್ಲ ಕಿವಿಗೊಟ್ಟು ಕೇಳಿ ಮೆಚ್ಚಿದರು. ಹುಡುಗನ ತಾಯಿ, 'ನೋಡಿ, ಇದು ಮಾನವಾಗಿ ಮಾತಾಡ್ತದೆ' ಎಂದರು. ನಮ್ಮಿಬ್ಬರ ಕೈಗೆ ಮಾತ್ರ ಅದು ಬಗ್ಗಲಿಲ್ಲ. ನಾನು ಒಂದು ಕೀಲಿ ಒತ್ತಿದರೆ ಅದು ಇನ್ನೊಂದನ್ನು ಮಾಡುತ್ತಿತ್ತು, ಅವರು ಒತ್ತಿದರೆ ಅದು ಏನನ್ನೂ ಮಾಡುತ್ತಿರಲಿಲ್ಲ. ಮ್ಯಾಕಿನದು ತಪ್ಪಿರಲಿಲ್ಲ, ಅದರ ಮನೆಯ ರೂಢಿ ಬೇರೆ. ನಾವಿಬ್ಬರೂ ಮೊದಲ ಸಲ ಒಂದೇ ಪಕ್ಷವಾಗಿ ಅದನ್ನು ಬೈದುಕೊಂಡೆವು.

ಆ ಉಡುಗೊರೆಯಿಂದಲೇ ಎಡವಟ್ಟಾಯಿತು. ಹುಡುಗನ ತಂದೆ ವರದಕ್ಷಿಣೆಯ ಕಡುವಿರೋಧಿ. ತಂಬಾಕು ಬೆಳೆದರೂ ತಾವು ಬೀಡಿ ಸೇದದ, ಅದನ್ನು ದಿನಕ್ಕೊಂದು ಸಲ ಎಲ್ಲರಿಗೂ ನೆನಪಿಸುವ ಮನುಷ್ಯ. ಅವರು ಗಂಟಲು ಸರಿಮಾಡಿಕೊಂಡು, 'ನಾವು ಎಣ್ಣಿನ ಕಡೆಯಿಂದ ಒಂದು ಲೋಟಾನೂ ತಕ್ಕಳಲ್ಲ ಕಣ್ರೀ. ಉಟ್ಟ ಸೀರೇಲಿ ಬರ್ಲಿ, ಸಾಕು' ಎಂದರು. ನಮ್ಮ ಕಡೆಯವರ ಎದೆ ತುಂಬಿತು. ನನ್ನದೂ ತುಂಬಿತು. ಸೋದರಮಾವ, ಹಾಗಾದರೆ ಹುಡುಗಿಯದೇ ಒಂದು ಕಂಪ್ಯೂಟರ್ ಇದೆಯಲ್ಲ, ಅದನ್ನಾದರೂ ಕಳಿಸುತ್ತೇವೆ ಎಂದರು.

'ಅದೂ ಬ್ಯಾಡ,' ಎಂದರು ಆ ಪುಣ್ಯಾತ್ಮರು. 'ಇವತ್ತು ಕಂಪ್ಯೂಟರ್ ಅಂತೀರಿ, ನಾಳೀಕೆ ಜನ ಏನಂದಾರು? ಮಾತಾಡೋದು ನಮ್ಮನೇಲೂ ಒಂದದೆ. ಇಬ್ರೂ ಅದ್ನೇ ಕೇಳಿಸ್ಕಳ್ಳಿ.'

ಅದು ನನ್ನದೇ ಸಂಬಳದಲ್ಲಿ ತಂದದ್ದು ಎಂದು ಅಪ್ಪ ಮೆಲ್ಲಗೆ ಹೇಳಿ ನೋಡಿದರು. ಸಂಬಳ ನಿಮ್ಮನೆಯಲ್ಲಿದ್ದಾಗಿನದು, ಹಾಗಾಗಿ ವಸ್ತು ತವರಿನದು ಎಂದು ತೀರ್ಪಾಯಿತು. ವರದಕ್ಷಿಣೆ ಕೇಳುವವರನ್ನು ಬೈದು ಎದ್ದು ಬರಬಹುದು. ಬೇಡ ಎನ್ನುವವರನ್ನು ಏನೆಂದು ಬೈಯುವುದು? ಅಪ್ಪನಿಗೂ ಅಂಥ ಬೀಗರು ಸಿಕ್ಕರಲ್ಲ ಎಂಬ ಹೆಮ್ಮೆ, ಸುಮ್ಮನಾದರು.

ನನಗೆ ಭಯವಾಯಿತು. ಚಿಕ್ಕವಳಾಗಿದ್ದಾಗ ಒಂದು ಪುಟ ಓದಿಸಿಕೊಳ್ಳಬೇಕಾದರೆ ಯಾರಿಗೆ ಪುರುಸೊತ್ತಿದೆ, ಯಾರ ಮುಖ ಸಿಂಡರಿಸಿದೆ ಎಂದು ಅವರ ಉಸಿರಿನಿಂದಲೇ ತಿಳಿದುಕೊಂಡು ಕೇಳುತ್ತಿದ್ದೆ. ಆ ಲ್ಯಾಪ್‌ಟಾಪ್ ಬಂದ ಮೇಲೆ ಯಾರನ್ನೂ ಕೇಳಿಲ್ಲ. ಈಗ ಇನ್ನೊಬ್ಬರ ಕಂಪ್ಯೂಟರು, ಇನ್ನೊಬ್ಬರ ಕೀಲಿಗಳು. ಅವರು ಕೆಲಸ ಮುಗಿಸಿ ಎದ್ದ ಮೇಲೆ ನನ್ನ ಸರದಿ. ಶಾಲೆಯ ಕಡತಗಳೆಲ್ಲ ವಿಂಡೋಸಿನವು. ಬಂದ ಸೊಸೆ ಮೊದಲ ದಿನವೇ ಮತ್ತೆ 'ಒಸಿ ಓದಿ ಹೇಳ್ತೀರಾ' ಎನ್ನಬೇಕು. ಮೇಷ್ಟ್ರಾಗಿ ಅಲ್ಲಿಗೆ ಹೋಗಲು ಒಪ್ಪಿದ್ದೆ, ಅನಕ್ಷರಸ್ಥೆಯಾಗಿ ಹೋಗಲು ನನಗೆ ಮನಸ್ಸಿರಲಿಲ್ಲ.

'ಏನವ್ವ, ಒಪ್ಗೇನಾ?' ಎಂದು ಅವರ ತಾಯಿ ಕೇಳಿದರು. ಬೇಡ ಎನ್ನಬೇಕು, ಬಾಯಿ ಬರಲಿಲ್ಲ. ತಲೆ ತಗ್ಗಿಸಿದೆ. ನಮ್ಮ ಕಡೆ ಹೆಣ್ಣು ತಲೆ ತಗ್ಗಿಸಿ ಸುಮ್ಮನಿದ್ದರೆ ಒಪ್ಪಿದಳೆಂದೇ ಲೆಕ್ಕ. ಎಲ್ಲರೂ ನಕ್ಕರು. ಯಾರೋ ಎದ್ದು ತಟ್ಟೆಗೆ ವೀಳ್ಯದೆಲೆ ಜೋಡಿಸತೊಡಗಿದರು.

'ತಡೀರಿ,' ಎಂದಿತು ಲಿನಕ್ಸಿನವರ ದನಿ. 'ಅವ್ರು ಒಪ್ಪಿಲ್ಲ. ಇಷ್ಟೊತ್ತು ಮಾತಾಡ್ತಿದ್ದದ್ದು ತಟಕ್ನೆ ನಿಂತೋದ್ರೆ ಒಪ್ಪಿದೆ ಅಂತಲ್ಲ, ಎಲ್ಲೋ ಸಿಕ್ಕಾಕಂಡದೆ ಅಂತ. ನಮಗೆ ದಿನಾ ಇದೇ ಅನುಭವ.'

ನಗು ನಿಂತಿತು. ಅವರು ತಂದೆಯ ಕಡೆ ತಿರುಗಿರಬೇಕು, ದನಿ ಆ ಕಡೆ ಹೋಯಿತು. 'ಅಪ್ಪ, ವರದಕ್ಷಿಣೆ ಅಂತ ಯಾರಾದ್ರೂ ಕೆಟ್ಟೋಗಿರೋದ ಕೊಡ್ತಾರಾ? ಅವ್ರ ಕಂಪ್ಯೂಟರ್ ಸುಮಾರು ಕೆಟ್ಟದ್ದು. ಎಷ್ಟೊತ್ತಿಗೆ ಅಪ್‌ಡೇಟ್ ಅಂತ ಕೂತ್ಕತ್ತದೋ ಹೇಳಕ್ಕಾಗಲ್ಲ.'

ನನ್ನ ಪ್ರಾಣದಂಥ ವಸ್ತುವನ್ನು ಎರಡು ಮನೆಯವರ ಎದುರು ಹೀಗೆ ಹೀಯಾಳಿಸಿದರೆ ರೋಷ ಬರಬೇಕು. ಬಂತು ಕೂಡ. ಆದರೆ ಆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಹೊಳೆಯಿತು. 'ಹೂಂ, ಸರಿಯಾಗಿ ಓದಲ್ಲ. ಎಷ್ಟೋ ಬಟನ್ ಬರೀ ಬಟನ್ ಅಂತದೆ, ಏನು ಎತ್ತ ಹೇಳಲ್ಲ' ಎಂದು ನಾನೂ ಒಂದು ಹಾಕಿದೆ.

'ಅಂಗಾದ್ರೆ ನಮ್ಮನೇದ್ನೇ ಬಳಸ್ಲಿ,' ಎಂದರು ತಂದೆ. 'ನಿಂದು ಸರಿಯಾಗದಲ್ಲ. ಒಂದು ಕುಂದಿಲ್ಲ ಅಂತ ಊರಿಗೆಲ್ಲಾ ಸಾರ್ಕ ಬಂದಿದೀಯ.'

ಅಂಗಳದಾಚೆ ಬ್ಯಾರನ್ನಿಗೆ ಸೌದೆ ತಳ್ಳುವ ಸದ್ದು ಕೇಳಿಸುತ್ತಿತ್ತು. ಹಿತ್ತಿಲಲ್ಲಿ ನನ್ನೆದುರು ಕೂತು ಒಂದೇ ಒಂದು ಕುಂದು ತೋರಿಸಿ ಎಂದಿದ್ದ ಮನುಷ್ಯ. ಅವರಿಗೆ ಅದೆಷ್ಟು ಕಷ್ಟವಾಗುತ್ತಿದೆ ಎಂದು ಆ ಅಂಗಳದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

'ನಂದೂ ಕೆಟ್ಟದ್ದೇ ಕಣಪ್ಪ,' ಎಂದರು. 'ಮೊನ್ನೆ ಸೌಂಡ್ ಹೋಗಿ ಅರ್ಧ ದಿನ ಮೂಕನಂಗೆ ಕೂತಿದ್ದೆ. ನಂದು ನಿಂತೋದಾಗ ಅವ್ರದು ಮಾತಾಡ್ತದೆ, ಅವ್ರದು ನಿಂತೋದಾಗ ನಂದು. ಎರಡಿದ್ರೆ ಒಂದಾದ್ರೂ ನಡೀತದೆ.'

ಕೊನೆಗೆ ತಂದೆ, 'ಕೆಟ್ಟಿರೋದಾದ್ರೆ ತರ್ಲಿ ಬುಡು. ಅದ್ರಲ್ಲಿ ತಪ್ಪಿಲ್ಲ' ಎಂದರು. ಸೋದರಮಾವ ಮ್ಯಾಕನ್ನು ಚೀಲಕ್ಕೆ ಹಾಕಿಕೊಂಡರು. ಅದು ಸರಿಯಾಗಿದ್ದುದರಿಂದ ವರದಕ್ಷಿಣೆಯಾಗುತ್ತಿತ್ತು.

ಈಗ ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ಒಂದೇ ಮೇಜಿನ ಮೇಲೆ ಎರಡೂ ಇವೆ. ಸಂಜೆ ಎರಡೂ ಒಟ್ಟಿಗೆ ಶುರುವಾದರೆ ಅತ್ತೆ ಎದ್ದು ಜಗಲಿಗೆ ಹೋಗುತ್ತಾರೆ. ಜಗಳವೂ ನಿಂತಿಲ್ಲ. ಲಿನಕ್ಸಿಗೆ ಕುಂದಿಲ್ಲ ಎಂದು ಅವರು ಇವತ್ತು ಬೆಳಿಗ್ಗೆಯೂ ಹೇಳಿದ್ದಾರೆ. ಅಂಗಳದಲ್ಲಿ ಹೇಳಿದ್ದನ್ನು ಎತ್ತಿ ಅವರ ಬಾಯಿ ಮುಚ್ಚಿಸಬಹುದು. ನಾನು ಒಂದು ಸಲವೂ ಎತ್ತಿಲ್ಲ. ಆ ದಿನ ಆ ಮಾತು ಕೇಳಿದ ಮೇಲೆಯೇ, ಅತ್ತೆ ಎರಡನೇ ಸಲ 'ಒಪ್ಗೇನಾ?' ಎಂದು ಕೇಳಿದಾಗ ತಲೆ ತಗ್ಗಿಸದೆ, ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ ಹೂಂ ಎಂದವಳು ನಾನು.