ನಮ್ಮ ಗಿರಿಜೆಯ ಎತ್ತಿನ ಕಾಲು

ದಾವಣಗೆರೆಯ ಶಾಲೆಗಳ ಚಿತ್ರಸ್ಪರ್ಧೆಯಲ್ಲಿ ನನ್ನ ಮೊಮ್ಮಗಳು ಗಿರಿಜೆಗೆ ಮೊದಲ ಬಹುಮಾನ ಬಂದಿದೆ! ಬರೆದದ್ದು ನಮ್ಮ ಎತ್ತಿನ ಜೋಡಿಯನ್ನೇ.

ಅವಳು ಮೊದಲ ಸಲ ಬರೆದ ಚಿತ್ರವನ್ನು ಹರಿಹರದಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಇಮಾಮ್ ಸಾಬರಿಗೆ ನಾನೇ ಹೆಮ್ಮೆಯಿಂದ ತೋರಿಸಿದ್ದೆ. ಅವರು ನಕ್ಕುಬಿಟ್ಟರು.

"ಗೌಡ್ರೆ, ಮೇಲೆ ಎತ್ತು, ಕೆಳಗೆ ಕುದುರೆ ಐತಲ್ರಿ!"

ಜೊತೆಗಿದ್ದ ಗಿರಿಜೆಯ ಕಣ್ಣು ತುಂಬಿತು. ಚಿತ್ರ ಹರಿಯಲು ಹೋದಳು. ಸಾಬರು ತಡೆದು, ಲಾಳ ಹೊಡೆಯಲು ಕೆಡವಿದ್ದ ಎತ್ತಿನ ಕಾಲು ಹಿಡಿದು ತೋರಿಸಿದರು.

"ಹರೀಬ್ಯಾಡವ್ವ. ಕುದುರೆ ಗೊರಸು ಇಡೀ ಒಂದೇ, ಎತ್ತಿಂದು ಸೀಳೈತೆ ನೋಡು, ಅದಕ್ಕೇ ಒಂದೊಂದು ಕಾಲಿಗೆ ಎರಡೆರಡು ಲಾಳ. ತಿದ್ದಿ ತಗೊಂಡು ಬಾ."

ಹುಟ್ಟಿದಾಗಿನಿಂದ ಎತ್ತಿನ ಹಿಂದೆಯೇ ನಡೆದವನು ನಾನು. ಮೊಮ್ಮಗಳು ಬರೆದಳೆಂಬ ಸಂಭ್ರಮದಲ್ಲಿ ಆ ಕಾಲನ್ನು ನೋಡಿಯೇ ಇರಲಿಲ್ಲ! ಅವಳು ಮಾತ್ರ ನಾಲ್ಕು ಸಲ ತಿದ್ದಿದಳು, ನಾಲ್ಕು ಸಲವೂ ಸಾಬರ ಹತ್ತಿರ ಒಯ್ದು ತೋರಿಸಿದಳು. ಕೊನೆಗೆ ಅವರೇ, "ಈಗ ಲಾಳ ಹೊಡೀಬಹುದು ಬಿಡವ್ವ" ಎಂದರು.

ಬಹುಮಾನ ಬಂದ ಸಂಜೆ ಮನೆಮಂದಿಯೆಲ್ಲ ಹೋಳಿಗೆ ಊಟಕ್ಕೆ ಕೂತೆವು. "ಭಾಳ ಚಂದ ಬರ್ದೀಯವ್ವ" ಎಂದೆ. "ಅದಿರ್ಲಿ ಅಜ್ಜಾ, ತಪ್ಪೇನೈತೆ ಹೇಳು" ಎಂದಳು. ಎಲ್ಲರೂ ನಕ್ಕರು. ನಾನು ಚಿತ್ರವನ್ನು ಎದುರಿಗಿಟ್ಟುಕೊಂಡು, ಈ ಸಲ ಎತ್ತಿನ ಕಾಲಿನಿಂದಲೇ ಶುರುಮಾಡಿ ನೋಡುತ್ತ ಉಂಡೆ.