ನಲ್ಲಿಯಲ್ಲಿ ನೀರು ಬಾರದ ದಿನ

ಆಂಜನೇಯನ ಭಕ್ತರೇ, ಕಳೆದ ಯುಗಾದಿ ಆದ ಮೇಲೆ ನಮ್ಮ ತಾಯಿ ಊಟ ಬಿಟ್ಟರು. ಮರೆವಿನ ಕಾಯಿಲೆ ಅವರಿಗೆ ಮೊದಲೇ ಇತ್ತು, ಆಗ ಜೋರಾಯಿತು. ಎರಡು ಗುಟುಕು ಹಾಲು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ನಾನು ತಟ್ಟೆ ಹಿಡಿದು ಹೋದರೆ, "ಯಾರೋ ನೀನು, ಕಳ್ಳ ನನ್ಮಗನೆ? ಯಜಮಾನ್ರು ಬರ್ಲಿ, ಹೇಳ್ತೀನಿ" ಎಂದು ತಟ್ಟೆಯನ್ನೇ ತಳ್ಳುತ್ತಿದ್ದರು. ಯಜಮಾನರು, ಅಂದರೆ ನಮ್ಮ ತಂದೆ, ತೀರಿಕೊಂಡು ಬಹಳ ವರ್ಷವಾಗಿದೆ.

ಚಾಮರಾಜಪೇಟೆಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಕೆಳಗೆ ಗಿರಣಿ, ಮೇಲೆ ಮನೆ. ಏಳನೇ ಕ್ಲಾಸಿಗೆ ತಂದೆ ನನ್ನ ಸ್ಕೂಲು ಬಿಡಿಸಿ ಗಿರಣಿಗೆ ಹಾಕಿದರು. ತಾಯಿ ಅಂದು ತುಟಿ ಬಿಚ್ಚಲಿಲ್ಲ ಎಂಬ ಸಿಟ್ಟು ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು. ಆದರೂ ಅಕ್ಕನ ಮದುವೆ, ಈ ಮನೆ, ಎಲ್ಲ ನನ್ನ ಬೆವರಿನಿಂದಲೇ ಆಗಿದ್ದು. ಹಿಟ್ಟು ಮೆತ್ತಿಕೊಂಡವನನ್ನು ಜನ ಹಗುರವಾಗಿ ನೋಡುತ್ತಾರೆ. ಅದಕ್ಕೇ ನಾನು ಕೆಳಗಿನ ನಲ್ಲಿಯಲ್ಲಿ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡೇ ಮೆಟ್ಟಿಲು ಹತ್ತುವವನು.

ಆಸ್ಪತ್ರೆಯಲ್ಲಿ ಡಾಕ್ಟರು, "ಹೀಗೇ ಆದ್ರೆ ಮೂಗಲ್ಲಿ ಟ್ಯೂಬ್ ಹಾಕ್ಬೇಕಾಗತ್ತೆ" ಎಂದರು. ಸುದ್ದಿ ಕೇಳಿ ಮಲ್ಲೇಶ್ವರದಿಂದ ಅಕ್ಕ ಬಂದಳು.

"ಯಾವ್ದಾದ್ರೂ ವೃದ್ಧಾಶ್ರಮಕ್ಕೆ ಸೇರ್ಸೋ. ನಿನ್ ಕೈಲಿ ಆಗಲ್ಲ."

"ಸೇರಿಸ್ತೀನಿ. ನೀನೂ ಹೋಗಿ ಜೊತೇಲಿ ಇರ್ತೀಯಾ?"

"ಇದೇ ನಾಲಿಗೆ ನೋಡು. ಅದಕ್ಕೇ ಅಮ್ಮ ನಿನ್ ಮುಖ ಮರ್ತಿರೋದು."

ಆ ಮಾತು ಎದೆಗೆ ನಾಟಿತು. ಕೆಳಗಿಳಿದು ಗಿರಣಿಯಲ್ಲಿದ್ದ ಆಂಜನೇಯಸ್ವಾಮಿ ಪಟದ ಮುಂದೆ ನಿಂತೆ. ಕೈ ಮುಗಿಯಲಿಲ್ಲ. "ಎಷ್ಟು ಶನಿವಾರ ನಿಂಗೆ ವಡೆ ಹಾರ ಹಾಕ್ಸಿದೀನಿ? ಅಮ್ಮಂಗೆ ನನ್ನ ಗುರುತು ಹಿಡಿಸು. ಇಲ್ಲಾಂದ್ರೆ ನಿಂಗೂ ನಂಗೂ ಮುಗೀತು" ಎಂದು ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಬಿಟ್ಟೆ.

ಮಾರನೆಯ ದಿನ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಒಂದು ತೊಟ್ಟು ನೀರಿಲ್ಲ. ಸ್ವಾಮಿಯನ್ನೂ ನೀರಿನವರನ್ನೂ ಸೇರಿಸಿ ಬೈಯುತ್ತಿರುವಾಗಲೇ ಮೇಲೆ ತಟ್ಟೆ ಬಿದ್ದ ಸದ್ದು, ನನ್ನ ಹೆಂಡತಿ ಮಂಜುಳಾಳ ಕೂಗು. ಇದ್ದ ಹಾಗೇ ಓಡಿದೆ. ತಲೆ, ಹುಬ್ಬು, ಮೀಸೆಯೆಲ್ಲ ಅಕ್ಕಿಹಿಟ್ಟು.

ಅಮ್ಮ ನನ್ನನ್ನು ನೋಡಿದವರೇ ಎದ್ದು ಸೆರಗು ಸರಿಮಾಡಿಕೊಂಡರು.

"ಈಗ ಬಂದ್ರಾ? ಹೊಟ್ಟೆ ಹಸ್ಕೊಂಡು ಎಷ್ಟೊತ್ತು ಕಾಯ್ಲಿ? ಕೂತ್ಕೊಳ್ಳಿ."

ಆಗ ತಿಳಿಯಿತು. ನಮ್ಮ ತಂದೆ ಹಿಟ್ಟಿನ ಮೈಯಲ್ಲೇ ಊಟಕ್ಕೆ ಬರುತ್ತಿದ್ದವರು. ಅವರು ಉಂಡು ಎದ್ದ ಮೇಲೆ ಅದೇ ತಟ್ಟೆಯಲ್ಲಿ ಬಡಿಸಿಕೊಳ್ಳುವುದು ಅಮ್ಮನ ಪದ್ಧತಿ. ಗಂಡ ಉಂಡಿಲ್ಲವೆಂದು ಇಷ್ಟು ದಿನ ಉಪವಾಸ ಕೂತಿದ್ದರು.

ನಾನು ಕೂತು ಮುದ್ದೆ, ಬಸ್ಸಾರು ಉಂಡೆ. ಏಳುತ್ತಲೇ ಅಮ್ಮ ನನ್ನ ತಟ್ಟೆ ಎಳೆದುಕೊಂಡರು. ಮಗನ ಎಂಜಲನ್ನು ತಾಯಿ ಉಣ್ಣುವುದೇ ಎಂದು ಕಿತ್ತುಕೊಳ್ಳಲು ಹೋದೆ. ಮಂಜುಳಾ ನನ್ನ ಕೈ ಹಿಡಿದಳು. "ಸುಮ್ನಿರಿ. ಉಣ್ಲಿ."

ಅಮ್ಮ ಪೂರ್ತಿ ಒಂದು ಮುದ್ದೆ ಉಂಡರು. ಉಣ್ಣುತ್ತಲೇ ನನ್ನನ್ನು ದುರುಗುಟ್ಟಿ ನೋಡಿದರು.

"ಮಗನ್ನ ಸ್ಕೂಲು ಬಿಡಿಸ್ಬೇಡಿ ಅಂತ ನಿಮ್ಮ ಕಾಲು ಹಿಡ್ಕೊಂಡೆ. ಕೇಳಿದ್ರಾ? ಗೇಣುದ್ದ ಹುಡುಗ ಮೂಟೆ ಹೊರ್ತಾನೆ. ನಾನು ಸಾಯೋತನಕ ಇದನ್ನ ಮರೆಯಲ್ಲ."

ನಮ್ಮ ತಂದೆ ಹೇಳಬೇಕಿದ್ದ ಮಾತನ್ನು ನಾನೇ ಹೇಳಿದೆ. "ತಪ್ಪಾಯ್ತು ಕಣೆ."

"ಅವನಿಗೆ ಊಟ ಎತ್ತಿಟ್ಟಿದೀನಿ. ಕಳ್ಸಿ" ಎಂದು ಮುಖ ತಿರುಗಿಸಿದರು.

ಭಕ್ತರೇ, ನಾನು ಕೇಳಿದ್ದನ್ನು ಸ್ವಾಮಿ ಕೊಡಲಿಲ್ಲ. ಇಸ್ತ್ರಿ ಶರ್ಟಿನಲ್ಲಿ ಹೋದರೆ ಇವತ್ತಿಗೂ ನಾನು ಕಳ್ಳನೇ. ಆದರೆ ಟ್ಯೂಬಿನ ಮಾತು ನಿಂತಿದೆ. ಪಟವನ್ನು ಒರೆಸಿ ನೇರ ಮಾಡಿದ್ದೇನೆ. ಹಟದಲ್ಲಿ ಅವನು ನನಗಿಂತ ಗಟ್ಟಿ ಎಂದು ಒಪ್ಪಿ ಕೈ ಮುಗಿದಿದ್ದೇನೆ. ಈಗ ನಲ್ಲಿಯಲ್ಲಿ ನೀರು ಬರುತ್ತದೆ. ಅಮ್ಮನ ಊಟ ಆಗುವ ತನಕ ನಾನು ಅದನ್ನು ಮುಟ್ಟುವುದಿಲ್ಲ.