ದೇವದುರ್ಗದ ನಲವತ್ತು ನಿಮಿಷ

ಆ ದಿನ ನಲ್ಲಿ ನೀರು ಬೆಳಿಗ್ಗೆ ಐದೂವರೆಗೇ ಬಂತು. ಕೊಡಗಳನ್ನು ತುಂಬಿಟ್ಟು, ಅಂಗಳದ ಸಂಪಿನೊಳಗೆ ಪೈಪು ಬಿಟ್ಟು, ರೊಟ್ಟಿಗೆ ಎಸರಿಟ್ಟೆ. ಮನೆಯವರ ಡಬ್ಬಿಗೆ ನಾಲ್ಕು ರೊಟ್ಟಿ, ಪುಂಡಿಪಲ್ಯ. ಮಾನ್ವಿಗೆ ಒಯ್ಯಲು, ತಮ್ಮನಿಗೆ ಬೇರೆಯಾಗಿ ಅಕ್ಕಿ ನುಚ್ಚಿನ ಗಂಜಿ. ಅದರಲ್ಲಿ ಒಂದು ಗಂಟೂ ಉಳಿಯಬಾರದೆಂದು ಎರಡು ಸಲ ಸೋಸಿದೆ. ಫೋನು ಅಡುಗೆಕಟ್ಟೆಯ ಮೂಲೆಯಲ್ಲಿ ಚಾರ್ಜಿಗಿತ್ತು. ಪೂರ್ತಿ ತುಂಬುವ ತನಕ ಅದನ್ನು ಮುಟ್ಟಲಿಲ್ಲ.

"ಅದನ್ನೇನು ಅಷ್ಟೊತ್ತಿನಿಂದ ದೇವರಂಗ ನೋಡ್ಕೋತ ನಿಂತೀಯಲ್ಲ? ಬಸ್ ತಪ್ತದ ನೋಡು" ಎಂದರು ಮನೆಯವರು, ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ.

ತಮ್ಮ ಮಾನ್ವಿಯಲ್ಲಿ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಕೆಲಸ ಹಗಲಿಗೆ, ಹಾಡು ಸಂಜೆಗೆ. ಅವನೂ ಮೂವರು ಗೆಳೆಯರೂ ಸೇರಿ ತತ್ವಪದ, ಗೀಗೀಪದಗಳಿಗೆ ಗಿಟಾರು, ಡ್ರಮ್ಮು ಹಚ್ಚಿ ಒಂದು ತಂಡ ಕಟ್ಟಿಕೊಂಡಿದ್ದರು. ಏಕತಾರಿ ಅವನ ಕೈಯಲ್ಲಿ. ಭಜನೆಯ ಹಿರಿಯರು ಮುಖ ಸಿಂಡರಿಸುತ್ತಿದ್ದರು, ಕಾಲೇಜು ಹುಡುಗರು ಕುಣಿಯುತ್ತಿದ್ದರು. ಸುಮಾರು ವರ್ಷದ ಹಿಂದೆ ಅವನ ದನಿ ಒಡೆಯಿತು. ನೆಗಡಿ ಅಂದುಕೊಂಡೆವು. ಮೆಣಸಿನ ಕಷಾಯ ಕುಡಿಸಿದೆವು. ಕೊನೆಗೆ ಹೈದರಾಬಾದಿನ ದವಾಖಾನೆಯಲ್ಲಿ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದರು. ಈಗ ಅವನು ಉಸಿರಾಡುವುದು ಕುತ್ತಿಗೆಯಲ್ಲಿರುವ ತೂತಿನಿಂದ. ಮಾತೇನಿದ್ದರೂ ಮಕ್ಕಳ ಸ್ಲೇಟಿನ ಮೇಲೆ.

ಮೂರು ದಿನದ ಹಿಂದೆ ಫೋನಿನಲ್ಲಿ ಬರೆದು ಕಳಿಸಿದ್ದ: "ಅಕ್ಕಾ, ದೇವದುರ್ಗದ ರೆಕಾರ್ಡಿಂಗ್ ನಿನ್ನ ಹಂತ್ಯಾಕ ಅದ ಅಲ್ಲ? ಕಳಸಬ್ಯಾಡ, ತಗೊಂಡು ಬಾ. ಕೂಡಿ ಕೇಳೋಣು."

"ಪೂರ್ತಿ ಅದ, ನಲವತ್ತು ನಿಮಿಷ" ಎಂದು ನಾನು ಹೆಮ್ಮೆಯಿಂದಲೇ ಉತ್ತರಿಸಿದ್ದೆ.

ದೇವದುರ್ಗ ಅವನ ಹೆಂಡತಿಯ ತವರು. ಬಸುರಿಗೆ ಅಲ್ಲಿ ಸೀಮಂತದ ಕುಬಸ ಮಾಡಿದ ದಿನವೇ ಸಂಜೆ ಊರ ಮೈದಾನದಲ್ಲಿ ಇವರ ತಂಡದ ಕಾರ್ಯಕ್ರಮವಿತ್ತು. ಕೊನೆಯಲ್ಲಿ ಅವನು ಗಿಟಾರು, ಡ್ರಮ್ಮು ಎಲ್ಲ ನಿಲ್ಲಿಸಿ, ಹುಟ್ಟಲಿರುವ ಕೂಸಿಗೆಂದು ತಾನೇ ಕಟ್ಟಿದ ಒಂದು ಪದವನ್ನು ಬರೀ ಏಕತಾರಿ ಮೀಟುತ್ತ ಹಾಡಿದ. ಹಾಡಿದ್ದು ಅದೊಂದೇ ಸಲ. ಮಗಳು ಹುಟ್ಟುವ ಹೊತ್ತಿಗೆ ಗಂಟಲಲ್ಲಿ ಗೊರಗೊರ ಬಿಟ್ಟು ಏನೂ ಉಳಿದಿರಲಿಲ್ಲ. 'ಬಸ್ ಸಿಕ್ತು', 'ಹಾಲು ತರ್ತೀನಿ' ಎನ್ನುವಂಥ ದನಿಯ ತುಣುಕುಗಳು ಹೆಂಡತಿಯ ಫೋನಿನಲ್ಲಿವೆ. ಮೈದಾನದಲ್ಲಿ ಬೇರೆಯವರೂ ವಿಡಿಯೋ ಮಾಡಿದ್ದರು, ಆದರೆ ಕುಣಿಯುವ ಹಾಡುಗಳನ್ನು ಮಾತ್ರ. ಡ್ರಮ್ಮು ನಿಂತೊಡನೆ ಅವರ ಫೋನುಗಳು ಕೆಳಗಿಳಿದಿದ್ದವು. ಮಗಳಿಗೆ ಹಾಡಿದ ಆ ಪದ ಇದ್ದದ್ದು ನನ್ನ ಹತ್ತಿರ ಮಾತ್ರ.

ನಾನು ಅದನ್ನು ಅಲ್ಲಿಯವರೆಗೆ ಒಮ್ಮೆಯೂ ಹಚ್ಚಿ ಕೇಳಿರಲಿಲ್ಲ. ಮೊದಮೊದಲು ಪುರುಸೊತ್ತಿರಲಿಲ್ಲ, ಆಮೇಲೆ ಧೈರ್ಯವಿರಲಿಲ್ಲ. ಇದೆಯಲ್ಲ ಎನ್ನುವುದೇ ಸಾಕಾಗಿತ್ತು. ಮದುವೆ ಆಲ್ಬಮ್ಮಿನ ಹಾಗೆ.

ಮಾನ್ವಿಯ ಮನೆಯ ಬಾಗಿಲಲ್ಲೇ ತಮ್ಮನ ಹೆಂಡತಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. "ಬರ್ರಿ ಅಕ್ಕಾರ. ಮುಂಜಾನಿಂದ ಹತ್ತು ಸಲ ಓಣಿ ತನಕ ಹೋಗಿ ನೋಡಿ ಬಂದಾರ ಇವರು."

ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕುತ್ತಿಗೆಯ ತೂತಿಗೆ ಅಡ್ಡಲಾಗಿ ಹೆಂಡತಿ ಹೊಲಿದುಕೊಟ್ಟ ಬಿಳಿ ಬಟ್ಟೆಯ ತುಂಡು. ಅದರ ಅಂಚಿಗೆ ಸಣ್ಣ ನೀಲಿ ಹೂವುಗಳ ಕಸೂತಿ ಇತ್ತು. ಉಸಿರಿಗೊಮ್ಮೆ ಹೂವುಗಳು ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಮಂಚದ ಮೇಲೆ ಗೆಳೆಯನಿಂದ ಇಸಕೊಂಡು ತಂದ ಸ್ಪೀಕರ್ ಸಿದ್ಧವಾಗಿತ್ತು.

ಹಚ್ಚಿದೆವು. ಮೊದಲು ಕೇಳಿಸಿದ್ದು ಬಳೆ.

ಕುಬಸದ ದಿನ ಬಳೆಗಾರ ಮನೆಗೆ ಬಂದು ಬಸುರಿಗೆ ಹಸಿರು ಗಾಜಿನ ಬಳೆ ತೊಡಿಸುತ್ತಾನೆ, ಆಮೇಲೆ ಬಂದ ಮುತ್ತೈದೆಯರಿಗೆಲ್ಲ. ತೊಟ್ಟ ದಿನ ತೆಗೆಯುವಂತಿಲ್ಲ. ನನ್ನ ಒಂದೊಂದು ಕೈಗೂ ಹನ್ನೆರಡು ಇದ್ದವು. ಆ ಕೈಯಿಂದಲೇ ಫೋನು ಎತ್ತಿ ಹಿಡಿದಿದ್ದೆ, ಸೋತಾಗ ಇನ್ನೊಂದು ಕೈಗೆ ದಾಟಿಸಿದ್ದೆ, ತಾಳ ಬಂದಾಗ ತೊಡೆ ತಟ್ಟಿದ್ದೆ. ಅಷ್ಟೂ ಅದರಲ್ಲಿ ಬಂದಿತ್ತು.

ತಮ್ಮ ಸ್ಲೇಟಿನ ಮೇಲೆ ಬರೆದು ತೋರಿಸಿದ: "ನಮ್ಮ ಡ್ರಮ್ಮಿಗಿಂತ ನಿನ್ನ ಬಳಿ ಜೋರ್ ಅದಾವ." ಅವನ ಭುಜಗಳು ಅಲುಗಿದವು. ಬಟ್ಟೆಯ ಹಿಂದಿನಿಂದ ಸಿಳ್ಳಿನಂಥ ಗಾಳಿ ಬಂತು. ಈಗ ಅವನ ನಗು ಅಷ್ಟೇ. ನಾವೂ ನಕ್ಕೆವು.

ಮೂವತ್ತಾರನೇ ನಿಮಿಷಕ್ಕೆ ಡ್ರಮ್ಮು ನಿಂತಿತು. ಅವನ ದನಿ, ಕೂದಲಿನಷ್ಟೂ ಒಡಕಿಲ್ಲದ ದನಿ, ಮೈಕಿನಲ್ಲಿ ಹೇಳಿತು: "ಇದು ಇನ್ನಾ ಮಾರಿ ನೋಡಲಾರದ ನಮ್ಮ ಕೂಸಿಗೆ." ಹೆಂಡತಿ ತಟ್ಟನೆ ಮಗಳನ್ನು ಸ್ಪೀಕರಿನ ಮುಂದೆ ಕೂರಿಸಿದಳು. "ಕೇಳವ್ವಾ, ಅಪ್ಪಾಜಿ ನೋಡು, ಅಪ್ಪಾಜಿ ಹಾಡಾಕತ್ತಾನ."

ಏಕತಾರಿ ಶುರುವಾಯಿತು. ಅವನು 'ಕಂದಾ' ಎಂದು ಎತ್ತಿಕೊಂಡ. ಅಷ್ಟರಲ್ಲಿ ಯಾವಳೋ ಒಬ್ಬಾಕೆಯ ದನಿ: "ಯಕ್ಕಾ, ಆ ಹಾಡೋ ಹುಡುಗ ಯಾರ ಪೈಕಿ?"

"ನನ್ನ ತಮ್ಮರೀ!" ಅದು ನಾನು. ಸ್ಪೀಕರು ನಡುಗುವಷ್ಟು ಹತ್ತಿರ. "ಸಣ್ಣಾಂವ ಇದ್ದಾಗಿಂದ ಹಿಂಗ ನೋಡ್ರಿ. ನನ್ನ ಕಾನ್ವೆಂಟಿಗೆ ಹಾಕಿದ್ರು, ಇಂವ ಭಜನಿ ಮಂದಿ ಹಿಂದ ಓಡ್ತಿದ್ದ. ನಮ್ಮಪ್ಪ ಬೆತ್ತ ಹಿಡ್ಕೊಂಡು ಹುಡುಕ್ಕೋತ ಹೋಗ್ತಿದ್ರು. ಈಗ ಕೇಳ್ರಿ, ದನಿ ಕೇಳ್ರಿ! ಹೆಂಗ ಅದ? ಯಾರಿಗೂ ಬರಂಗಿಲ್ಲ ಅಂಥಾ ದನಿ..."

ನಾನು ನಿಲ್ಲಿಸಲಿಲ್ಲ. ಅವನು ಯಾವ ಯಾವ ಊರಲ್ಲಿ ಹಾಡಿದ, ಕವಿತಾಳದಲ್ಲಿ ಜನ ಎಷ್ಟು ಸೇರಿತ್ತು, ಯಾರು ಶಾಲು ಹೊದಿಸಿದರು, ಎಲ್ಲ ಹೇಳಿದೆ. ಕೈ ಆಡಿಸಿ ಹೇಳಿದೆನೆಂದು ಬಳೆಗಳಿಂದಲೇ ತಿಳಿಯುತ್ತಿತ್ತು. ನನ್ನ ಮಾತಿನ ಹಿಂದೆ, ಗೋಡೆಯಾಚೆಯ ಮನೆಯಿಂದ ಬಂದ ಹಾಗೆ, ಒಂದು ಹಾಡು ನಡೆದಿತ್ತು. ಉಸಿರು ತೆಗೆದುಕೊಳ್ಳಲು ನಾನು ತಡೆದಾಗ ಅರ್ಧ ಶಬ್ದ ಮೇಲೆ ಬರುತ್ತಿತ್ತು, ಮತ್ತೆ ಮುಳುಗುತ್ತಿತ್ತು. ಕಾನ್ವೆಂಟಿನ ಪ್ರಾರ್ಥನೆಯಲ್ಲಿ ಸಿಸ್ಟರ್ ನಮಗೆ ಹತ್ತು ವರ್ಷ ಕಲಿಸಿದ್ದು ಒಂದೇ: ಒಬ್ಬರು ಹಾಡುವಾಗ ಮಿಕ್ಕವರ ಕೈ ಮಡಿಲಲ್ಲಿ, ತುಟಿ ಮುಚ್ಚಿ. ಪರರ ಹಾಡಿಗೆ ನಾನು ಅದನ್ನು ತಪ್ಪದೆ ಪಾಲಿಸಿದ್ದೇನೆ.

ಚಪ್ಪಾಳೆ ಬಿತ್ತು. "ಹೆಂಗ ಹಾಡಿದ ನೋಡಿದ್ರೇನು!" ಎಂದು ನಾನು ಆಕೆಯನ್ನು ಕೇಳುವುದರೊಂದಿಗೆ ರೆಕಾರ್ಡಿಂಗ್ ಮುಗಿಯಿತು.

ತಮ್ಮ ತಾನೇ ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದ. ಮೂರನೇ ಸಲ ಸ್ಪೀಕರಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕೂತ. ಕೂಸು ಮಾತ್ರ ಸ್ಪೀಕರಿನೊಳಗಿನ ನನ್ನ ದನಿ ಗುರುತು ಹಿಡಿದು, ತಿರುಗಿ ನನ್ನ ಮುಖ ನೋಡಿ ಕೈ ಚಾಚಿತು.

ಹೆಂಡತಿ ಅದನ್ನು ಎತ್ತಿಕೊಂಡು, "ಹಾಲು ಕುಡಸ್ತೀನಿ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳ ಮಾತು ಬಂತು. ಜೋರಾಗಿಯೇನಲ್ಲ. "ನಾಕು ನಿಮಿಷ, ಅಕ್ಕಾರ. ನಾಕು ನಿಮಿಷ ಸುಮ್ನ ಇರಾಕ ಆಗಲಿಲ್ಲೇನ್ರಿ?"

ತಮ್ಮ ಸ್ಲೇಟಿನ ಮೇಲೆ "ಹೋಗ್ಲಿ ಬಿಡಕ್ಕಾ" ಎಂದು ಬರೆದ. ನಾನು ಓದಿದ್ದು ಖಾತ್ರಿಯಾದ ಮೇಲೆ ಅಂಗೈಯಿಂದ ಒರೆಸಿದ. ಮತ್ತೇನೋ ಬರೆಯಲು ಬಳಪ ಊರಿ, ಬರೆಯದೆ ಸ್ಲೇಟನ್ನು ಮಗುಚಿ ಇಟ್ಟ. ನಾನು ತಂದ ಗಂಜಿಯನ್ನು ಎರಡು ಚಮಚ ಕುಡಿದ, ನನಗಾಗಿ.

ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ಬಂದವಳು ಮನೆಗೆ ಹೋಗದೆ, ತಮ್ಮನ ತಂಡಕ್ಕೆ ಮೈಕು ಹಾಕುತ್ತಿದ್ದವರ ಅಂಗಡಿಗೆ ಹೋದೆ. ಅವರು ಹೆಡ್‌ಫೋನು ಹಾಕಿಕೊಂಡು ಎರಡು ಸಲ ಕೇಳಿದರು. ನನ್ನತ್ತ ನೋಡದೆ, ವೈರು ಸುತ್ತುತ್ತ ಹೇಳಿದರು: "ಬಳಿ ಸಪ್ಪಳ ಒಂದಿಷ್ಟು ಕಡಿಮಿ ಮಾಡಬೌದ್ರಿ ಅಕ್ಕಾರ. ಮಾತು ತೆಗೀಲಿಕ್ಕೆ ಹೋದ್ರ ಅದರ ಕೂಡ ಹಾಡೂ ಹೋಗ್ತದ. ನೀವು ಫೋನಿನ ಬಾಜೂಕ ಇದ್ರಿ, ಅಂವ ಅಲ್ಲೆಲ್ಲೋ ದೂರ."

"ಒಂದು ಸಾಲಾದ್ರೂ?"

"ಪ್ರಯತ್ನ ಮಾಡ್ತೀನಿ, ಇಟ್ಟು ಹೋಗ್ರಿ" ಎಂದರು. ಅವರಿಗೂ ನಂಬಿಕೆ ಇರಲಿಲ್ಲ. ಫೋನಿನಿಂದ ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡು ನನ್ನನ್ನು ಕಳಿಸಿದರು.

ಸಂಜೆ ದೀಪ ಹಚ್ಚಿ, ಅನ್ನಕ್ಕಿಟ್ಟು, ಒಲೆಯ ಪಕ್ಕದಲ್ಲೇ ಮೂವತ್ತಾರನೇ ನಿಮಿಷದಿಂದ ಮತ್ತೆ ಹಚ್ಚಿದೆ. ನನ್ನ ಮಾತುಗಳೆಲ್ಲ ಅಷ್ಟೊತ್ತಿಗೆ ಬಾಯಿಪಾಠವಾಗಿದ್ದವು. ಅವುಗಳ ಸಂದಿನಲ್ಲಿ ಎಲ್ಲಿ ಕಿವಿ ಇಡಬೇಕೆಂದು ಕಲಿಯುತ್ತಿದ್ದೆ. ಮಹಡಿ ಮನೆಗೆ ಬಾಡಿಗೆಗೆ ಬಂದು ವಾರವಷ್ಟೇ ಆಗಿದ್ದ ಹೆಣ್ಣುಮಗಳು ಹೆಪ್ಪಿಗೆಂದು ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದು ನನಗೆ ಗೊತ್ತಾಗಲಿಲ್ಲ.

"ಯಾರ್ರೀ ಅದು ಹಾಡೋರು?"

"ನನ್ನ ತಮ್ಮ."

ಹೆಪ್ಪು ಹಾಕಿಕೊಟ್ಟೆ. ಆಕೆ ಬಟ್ಟಲಿಗೆ ಸೆರಗು ಮುಚ್ಚಿಕೊಂಡು, ಮೆಟ್ಟಿಲು ಹತ್ತುತ್ತಲೇ ಹೇಳಿದಳು:

"ಚೊಲೋ ಹಾಡ್ತಾರ ಅನಸ್ತದ್ರಿ, ಆದ್ರ ನೀವೇ ಮಾತಾಡಿಬಿಟ್ಟೀರಿ. ಮತ್ತೊಮ್ಮೆ ಹಾಡಿದಾಗ ಸುಮ್ನ ಕುಂತು ತಕ್ಕೊಳ್ರಿ."